ಜೂನ್ ಒಂದು ಮತ್ತು ಆಟೋ

ಎರಡು ಸಾವಿರದ ನಾಲ್ಕರ ಸುಮಾರಿಗೆ ನಾನು ಗೋಕಾಕದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಟೈಪ್ ಮಾಡುತ್ತಿದ್ದೆ. ಲಗ್ನಪತ್ರ, ಬಾಡಿಗೆ ಕರಾರು, ಯಾರದೋ ರಾಜೀನಾಮೆ ಎಲ್ಲ ನನ್ನ ಬೆರಳಿನಿಂದಲೇ ಹೊರಬರುತ್ತಿದ್ದವು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಅದಕ್ಕಾಗಿ ಮೂರು ವರ್ಷ ಕೌಜಲಗಿಯಿಂದ ಬಸ್ಸಿನಲ್ಲಿ ನಿಂತೇ ಓಡಾಡಿದ್ದೇನೆ. ಆ ಜಂಬ ಇವತ್ತಿಗೂ ಇದೆ, ಇರಲಿ. ಕ್ಲಾಸಿನಲ್ಲಿ ಕಲಿಸುವವರ ಕುರ್ಚಿ ಖಾಲಿಯಾದಾಗ, ಅದು ನನಗೇ ಬೇಕೆಂದು ಸರ್ ಮುಂದೆ ಹೋಗಿ ನಿಂತೆ. ಕ್ಲಾಸ್ ಅವರದೇ, ಅವರ ಹುಟ್ಟೂರು ಹುಕ್ಕೇರಿ.

"ಮೂಡಲಗಿ ಕಾಲೇಜಿನ ವೆಬ್ ಪೇಜ್ ನೀನ ಮಾಡು ತಂಗಿ," ಎಂದರು. "ನಮ್ಮ ಮಷಿನ್‌ದಾಗ ಹೆಂಗ ನಡೀತೈತಿ, ಅವರ ಮಷಿನ್‌ದಾಗೂ ಹಂಗ ನಡೀಬೇಕು. ನಡದ್ರ ಕುರ್ಚಿ ನಿಂದು. ಇಲ್ಲಂದ್ರ ಲಗ್ನಪತ್ರ ಎಲ್ಲಿ ಹೋಗ್ಯಾವು?"

ಪುಟದಲ್ಲಿ ಕೋರ್ಸುಗಳ ಹೆಸರಿದ್ದ ಒಂದು ಪೆಟ್ಟಿಗೆ. ಮೌಸ್ ಒತ್ತಿದರೆ ಅದು ಇದ್ದ ಅಗಲಕ್ಕಿಂತ ಇಪ್ಪತ್ತು ಪಿಕ್ಸೆಲ್ ಹಿಗ್ಗಬೇಕು. ಹಿಗ್ಗಿಸಬೇಕಾದರೆ ಇದ್ದ ಅಗಲ ಗೊತ್ತಿರಬೇಕಲ್ಲ. ಅಗಲ, ಬಣ್ಣ ಇಂಥವೆಲ್ಲ ಸ್ಟೈಲ್ ಶೀಟ್ ಎಂಬ ಬೇರೆ ಹಾಳೆಯಲ್ಲಿರುತ್ತವೆ. ಅದನ್ನು ಓದಲು ನಮ್ಮ ಕ್ಲಾಸಿನ ಬ್ರೌಸರಿಗೆ ಕರೆಂಟ್‌ಸ್ಟೈಲ್ ಎಂಬ ಮಾತು ಹೇಳಿ ಕೇಳಬೇಕು. ಕೇಳಿದೆ.

"ಸರ್, ಆಟೋ ಅನ್ನಾಕತ್ತೈತ್ರಿ."

ಸರ್ ಕಿಟಕಿಯಿಂದ ಹೊರಗೆ ಬಗ್ಗಿ ನೋಡಿದರು. "ಆಟೋ ಯಾರ ಕರದ್ರು?"

ಆಟೋಕ್ಕೆ ಇಪ್ಪತ್ತು ಕೂಡಿಸಿದರೆ ಏನು ಬರುತ್ತದೆ? ಏನೂ ಬರಲಿಲ್ಲ. ಪೆಟ್ಟಿಗೆ ಮಿಸುಕಲಿಲ್ಲ.

ಅವರ ಮಷಿನ್ ಏನನ್ನುತ್ತದೋ ನೋಡೋಣವೆಂದು ಮೂಡಲಗಿಗೆ ಹೋದೆ. ಅಲ್ಲಿದ್ದದ್ದು ಬೇರೆ ಬ್ರೌಸರ್. ಅದಕ್ಕೆ ಕರೆಂಟ್‌ಸ್ಟೈಲ್ ಎಂದರೇನೆಂದೇ ಗೊತ್ತಿಲ್ಲ. ಅದರ ಮಾತು ಗೆಟ್‌ಕಂಪ್ಯೂಟೆಡ್‌ಸ್ಟೈಲ್. ಹಾಗೆ ಕೇಳಿದ ಮೇಲೆ ಮುನ್ನೂರ ಹನ್ನೆರಡು ಪಿಕ್ಸೆಲ್ ಎಂದು ಲಕ್ಷಣವಾಗಿ ಹೇಳಿತು. ಅಲ್ಲಿನ ಪೆಟ್ಟಿಗೆ ಹಿಗ್ಗಿತು. ಆದರೆ ನಮ್ಮ ಕ್ಲಾಸಿನದು ಆಟೋದಿಂದ ಇಳಿಯಲೇ ಇಲ್ಲ.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಮುಂದೆ ಗೋಳು ಹೇಳಿಕೊಂಡೆ. "ಎರಡೂ ಕಡೆ ಅದ ಪೆಟಗಿ ಬೇ. ಎಷ್ಟ ಅಗಲ ಅಂದ್ರ ಮೂಡಲಗಿದು ಲೆಕ್ಕ ಹೇಳತೈತಿ, ಗೋಕಾಕದ್ದು ಆಟೋ ಅಂತೈತಿ."

"ಗೋಕಾಕದ್ದು ಯಾರನ್ನ ಕೇಳಿ ಹೇಳತೈತಿ?"

"ಹಾಳ್ಯಾಗ ಬರದದ್ದನ್ನ ಓದಿ ಹೇಳತೈತಿ."

ಅವ್ವನ ಕೈ ರೊಟ್ಟಿಯ ಮೇಲೇ ನಿಂತಿತು. "ನೀ ಜೂನ್ ಒಂದಕ್ಕ ಹುಟ್ಟೀದಿ ಅಂತ ಸಾಲಿ ಹಾಳ್ಯಾಗೂ ಬರದೈತಿ. ಹಡದಾಕಿ ನಾನು. ನೀ ಹುಟ್ಟಿದ್ದು ನಾಗರಪಂಚಮಿ ಜೋಕಾಲಿ ಬಿಚ್ಚಿದ ದಿನ. ಹಾಳಿ ಏನ ಕೇಳತಿ? ಪೆಟಗಿನ್ನ ಅಳತಿ ಮಾಡು."

ನಮ್ಮ ಶಾಲೆಯ ಹೆಡ್‌ಮಾಸ್ತರರು ಹುಟ್ಟಿದ ತಾರೀಖು ಹೇಳಲು ಬಾರದ ಮನೆಯ ಮಕ್ಕಳಿಗೆಲ್ಲ ಜೂನ್ ಒಂದು ಬರೆಯುತ್ತಿದ್ದರು. ನನ್ನ ವರ್ಗದ ಅರ್ಧ ಮಂದಿ ಹಾಳೆಯ ಪ್ರಕಾರ ಒಂದೇ ದಿನ ಹುಟ್ಟಿದವರು. ನಾನೂ ನನ್ನ ಹಾಳೆಯಲ್ಲಿ ಪೆಟ್ಟಿಗೆಯ ಅಗಲದ ಲೆಕ್ಕ ಬರೆದಿರಲಿಲ್ಲ. ಆಟೋ ಅಂದರೂ ಅದೇ: ನನಗೆ ಗೊತ್ತಿಲ್ಲ, ಜಾಗ ನೋಡಿಕೊಂಡು ಹೊಂದಿಸಿಕೋ.

ರೊಟ್ಟಿ ಕಟ್ಟಿಕೊಂಡು ಮೊದಲ ಬಸ್ಸು ಹಿಡಿದೆ. ಪೆಟ್ಟಿಗೆ ಪರದೆಯ ಮೇಲೆ ಎಷ್ಟು ಜಾಗ ಹಿಡಿದಿದೆ ಎಂದು ನೇರವಾಗಿ ಅಳೆಯುವ ಮಾತೂ ಒಂದಿತ್ತು, ಆಫ್‌ಸೆಟ್‌ವಿಡ್ತ್. ಸಣ್ಣದೊಂದು ಫಂಕ್ಷನ್ ಬರೆದೆ. ಮೂಡಲಗಿಯ ಮಾತು ಬಲ್ಲ ಬ್ರೌಸರಾದರೆ ಆ ಮಾತಿನಲ್ಲಿ ಕೇಳು. ಇಲ್ಲದಿದ್ದರೆ ನಮ್ಮ ಮಾತಿನಲ್ಲಿ ಕೇಳು. ಆಟೋ ಅಂತ ಉತ್ತರ ಬಂದರೆ ಹಾಳೆ ಬಿಡು, ಪೆಟ್ಟಿಗೆಯನ್ನೇ ಅಳೆ. ಆ ಫಂಕ್ಷನ್ನಿಗೆ ಅವ್ವ ಎಂದು ಹೆಸರಿಟ್ಟೆ.

ನಮ್ಮಲ್ಲಿ ಪೆಟ್ಟಿಗೆ ಹಿಗ್ಗಿತು. ಸರ್ ನನ್ನ ಜೊತೆ ಮೂಡಲಗಿಗೂ ಬಂದು, ಮೌಸನ್ನು ಹತ್ತು ಸಲ ಒತ್ತಿ ನೋಡಿದರು. ಹತ್ತು ಸಲವೂ ಹಿಗ್ಗಿತು. ಮರಳಿ ಬಂದು ಕಲಿಸುವವರ ಅರ್ಜಿ ತೆಗೆದು ತಾವೇ ತುಂಬತೊಡಗಿದರು.

"ಹುಟ್ಟಿದ ತಾರೀಖ?"

"ಹಾಳಿದ್ದೇನ್ರಿ, ಅವ್ವಂದೇನ್ರಿ?"

ಪೆನ್ನು ನಿಂತಿತು. ನಾನು ಎಲ್ಲ ಹೇಳಿದೆ. ಸರ್ ಜೂನ್ ಒಂದು ಎಂದೇ ಬರೆದು, ಯಾರಿಗೂ ಕೇಳಿಸಬಾರದೆಂಬಂತೆ ಅಂದರು, "ಹುಕ್ಕೇರಿ ಮಾಸ್ತರೂ ಹಂಗ ಇದ್ರವಾ. ನಂದೂ ಜೂನ್ ಒಂದ."

"ಹಂಗಾರ ನೀವೂ ಆಟೋ ಆದ್ರಿ ಬಿಡ್ರಿ ಸರ್," ಎಂದು ಹೇಳಿ, ಅವರು ಮನಸ್ಸು ಬದಲಿಸುವ ಮೊದಲು ಹೋಗಿ ಕುರ್ಚಿಯಲ್ಲಿ ಕೂತೆ.