ಬೀಳುವ ಕಡೆಯಿಂದ ನೋಡಿದ ಹಿಮದ ಪಾರ್ಕ್

ಮೊದಲ ಸಲ ನೋಡಿದಾಗ, ಯಾರೋ ಮನೆ ಕಟ್ಟಲು ಹೊರಟು, ಮೆಟ್ಟಿಲ ಪಕ್ಕದ ಕಬ್ಬಿಣದ ಕಂಬಿಯನ್ನು ಮಾತ್ರ ನೆಟ್ಟು, ಉಳಿದದ್ದನ್ನು ಕೈಬಿಟ್ಟಿದ್ದಾರೆ ಅನ್ನಿಸಿತು. ಗುಡ್ಡದ ಇಳಿಜಾರು, ಸುತ್ತ ಹಿಮ, ಅದರ ನಡುವೆ ಒಂಟಿ ಕಂಬಿ. ಮೆಟ್ಟಿಲಿಲ್ಲ, ಗೋಡೆಯಿಲ್ಲ. ಮೇಲಿನಿಂದ ಒಬ್ಬ ಹುಡುಗಿ ಕಾಲಿಗೆ ಹಲಗೆ ಬಿಗಿದುಕೊಂಡು ಜಾರುತ್ತ ಬಂದಳು. ಬಂದವಳು ಕಂಬಿಯ ಮೇಲೆ ಹಾರಿ, ಅದರುದ್ದಕ್ಕೂ ಕರಕರ ಸದ್ದು ಮಾಡುತ್ತ ಜಾರಿ, ಕೊನೆಯಲ್ಲಿ ಹಿಂದುಮುಂದಾಗಿ ತಿರುಗಿ ಇಳಿದು ಹೋದಳು. ಅವಳ ಹಿಂದೆಯೇ ಸ್ಕೀ ಕಟ್ಟಿಕೊಂಡ ಒಬ್ಬ ಅಜ್ಜ ಬಂದರು. ಅವರೂ ಅದನ್ನೇ ಮಾಡಿದರು.

"ಅಮ್ಮಾ, ಇದೇ ಪಾರ್ಕ್," ಎಂದಳು ನನ್ನ ಮಗಳು ಇಂಚರ. ಗುಡ್ಡದ ತುದಿಗೆ ಒಯ್ಯುವ, ತಂತಿಗೆ ತೂಗುಹಾಕಿದ ಲಿಫ್ಟಿನ ಕುರ್ಚಿಯಲ್ಲಿ ನಾವು ಅದರ ಮೇಲೆಯೇ ಸಾಗುತ್ತಿದ್ದೆವು.

ಪಾರ್ಕ್ ಎಂದರೆ ಮೈಸೂರಿನವಳಾದ ನನಗೆ ಕಲ್ಲುಬೆಂಚು, ಕಡಲೆಕಾಯಿ, ಸಂಜೆ ವಾಕಿಂಗಿಗೆ ಬರುವ ನಿವೃತ್ತರು. ಜಪಾನಿನ ಸ್ಕೀ ಮೈದಾನದಲ್ಲಿ ಪಾರ್ಕ್ ಎಂದರೆ ಬೀಳುವುದಕ್ಕೆಂದೇ ಕಟ್ಟಿದ ಜಾಗ. ಅಲ್ಲಿ ಕಬ್ಬಿಣದ ಕಂಬಿಗಳಿರುತ್ತವೆ, ಅವು ರೇಲ್. ಮಂಚದಷ್ಟು ಅಗಲದ ನುಣುಪಾದ ಪೆಟ್ಟಿಗೆಗಳಿರುತ್ತವೆ, ಅವು ಬಾಕ್ಸ್. ಗಾಳಿಗೆ ಹಾರಿಸಲು ಹಿಮವನ್ನು ಒತ್ತಿ ಕಟ್ಟಿದ ದಿಬ್ಬಗಳಿರುತ್ತವೆ, ಅವು ಕಿಕ್ಕರ್. ಇಷ್ಟೂ ಪದಗಳನ್ನು ಹದಿಮೂರು ವರ್ಷದ ಮಗಳೇ ನನಗೆ ಕಲಿಸಿದಳು.

ನಾವು ಹಿರೋಷಿಮಾಕ್ಕೆ ಬಂದು ಆರು ವರ್ಷವಾಗಿತ್ತು. ನಾನು ಇಲ್ಲಿನ ವಿಶ್ವವಿದ್ಯಾಲಯದಲ್ಲಿ, ಉಕ್ಕಿನ ಮೇಲೆ ಬಣ್ಣ ಹೇಗೆ ಹಿಡಿದುಕೊಳ್ಳುತ್ತದೆ, ಯಾವಾಗ ಬಿಟ್ಟುಕೊಳ್ಳುತ್ತದೆ ಎಂದು ನೋಡುವ ಸಂಶೋಧಕಿ. ಗಂಡ ಮೋಹನ್ ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಎಂಜಿನಿಯರ್. ಊರಿನವರು ಹಿರೋಷಿಮಾ ಎಂದರೆ ಒಂದೇ ಒಂದು ಸಂಗತಿಯನ್ನು ನೆನೆಯುತ್ತಾರೆ. ಅದರ ಉತ್ತರಕ್ಕೆ ಒಂದೂವರೆ ಗಂಟೆ ಕಾರು ಓಡಿಸಿದರೆ ಬೆಟ್ಟಗಳು ಬೆಳ್ಳಗಿರುತ್ತವೆ ಎಂದು ಬರುವ ಮುಂಚೆ ನನಗೂ ಗೊತ್ತಿರಲಿಲ್ಲ. ಇಂಚರ ಶಾಲೆಯ ಪ್ರವಾಸದಲ್ಲಿ ಸ್ನೋಬೋರ್ಡ್ ಕಲಿತಳು. ಎರಡು ಚಳಿಗಾಲ ಸಾದಾ ಇಳಿಜಾರಿನಲ್ಲಿ ಜಾರಿದಳು. ಮೂರನೆಯದಕ್ಕೆ ಅವಳಿಗೆ ಪಾರ್ಕ್ ಬೇಕಾಯಿತು.

"ಕೈಕಾಲು ಮುರ್ಕೊಂಡ್ರೆ?" ಎಂದ ಮೋಹನ್.

"ಎಲ್ರೂ ಮಾಡ್ತಾರೆ ಪಪ್ಪಾ. ದೈಜೋಬು."

ದೈಜೋಬು ಎನ್ನುವುದು ಇಲ್ಲಿ ದಿನಕ್ಕೆ ನೂರು ಸಲ ಕೇಳುವ ಪದ. ಪರವಾಗಿಲ್ಲ, ಬೇಡ, ಸಾಕು, ನನಗೇನೂ ಆಗಿಲ್ಲ, ನನ್ನ ಪಾಡಿಗೆ ಬಿಡಿ, ಎಲ್ಲಕ್ಕೂ ಅದೇ. ಯಾವಾಗ ಯಾವ ಅರ್ಥ ಎಂದು ತಿಳಿಯುವಷ್ಟು ಜಪಾನಿ ನನಗೆ ಇನ್ನೂ ಬಂದಿಲ್ಲ.

ಮೈದಾನವನ್ನು ನಾನೇ ಆರಿಸುತ್ತೇನೆಂದು ಒಪ್ಪಂದವಾಯಿತು. ಆರಿಸಿದ ರೀತಿಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಪ್ರಯೋಗಾಲಯದಲ್ಲಿ ಮಾಡುವಂತೆ ಒಂದು ಪಟ್ಟಿ ಮಾಡಿದೆ: ಎಷ್ಟು ರೇಲ್, ಎಷ್ಟು ಕಿಕ್ಕರ್, ಎಷ್ಟು ದೂರ, ಎಷ್ಟು ಲಿಫ್ಟ್. ಯಾರ ಹತ್ತಿರ ಹೆಚ್ಚಿದೆಯೋ ಅದೇ ಒಳ್ಳೆಯದು ಎಂದು ತೀರ್ಮಾನಿಸಿದೆ. ಜಾಹೀರಾತಿನಲ್ಲಿ ಒಬ್ಬ ಹುಡುಗ ಸೂರ್ಯನಿಗೆ ಅಡ್ಡವಾಗಿ ಆಕಾಶದಲ್ಲಿ ತೇಲುತ್ತಿದ್ದ. ಅವನು ಎಲ್ಲಿ ಇಳಿದ ಎಂಬುದು ಆ ಚಿತ್ರದಲ್ಲಿ ಇರಲಿಲ್ಲ.

ಜನವರಿಯ ಮೊದಲ ಶನಿವಾರ ನಾವಿಬ್ಬರೇ ಹೋದೆವು. ಪಾರ್ಕಿನ ಬಾಯಲ್ಲಿ ಒಂದು ಬೋರ್ಡು ಇತ್ತು. ಚಿತ್ರಲಿಪಿ ನನಗೆ ಅರೆಬರೆ.

"ಏನಂತೆ ಇದು?"

"ಹೆಲ್ಮೆಟ್ ಹಾಕ್ಬೇಕು ಅಂತಿದೆ," ಎಂದಳು ಇಂಚರ.

ಹೆಲ್ಮೆಟ್ ಹಾಕಿದ್ದಳು. ನಾನು ನಿಶ್ಚಿಂತೆಯಿಂದ ಬೋರ್ಡಿನ ಒಂದು ಫೋಟೊ ತೆಗೆದು, ಕೆಳಗೆ ಬೇಲಿಯ ಹಗ್ಗದ ಪಕ್ಕ ನಿಂತೆ. ಎರಡು ನಿಮಿಷದ ಮೇಲೆ ಅವಳು ದಿಬ್ಬದ ತುದಿಯಲ್ಲಿ ಕಾಣಿಸಿಕೊಂಡು, ನಾನು ಊಹಿಸಿದ್ದಕ್ಕಿಂತ ತುಂಬ ಎತ್ತರಕ್ಕೆ ಹೋದಳು. ಇಳಿಜಾರಿನ ಮೇಲೆ ಇಳಿಯಬೇಕಾದವಳು ಅದಕ್ಕೂ ಮುಂಚಿನ ಸಮತಟ್ಟಿನಲ್ಲಿ ಬಿದ್ದಳು. ಅಲ್ಲಿ ಹಿಮ ರಾತ್ರಿಯ ಚಳಿಗೆ ಗಾಜಿನಂತೆ ಗಟ್ಟಿಯಾಗಿತ್ತು. ಸದ್ದು ನನಗೆ ಕೇಳಿಸಿತು.

ಓಡಲು ಹೋಗಿ ನಾನೂ ಬಿದ್ದೆ. ಹತ್ತಿರ ಹೋದಾಗ ಅವಳ ಮುಖ ಬಿಳುಚಿತ್ತು, ಎಡಗೈ ಮಣಿಕಟ್ಟಿನ ಬಳಿ ಸೊಟ್ಟಗಿತ್ತು. "ದೈಜೋಬು," ಎಂದಳು. ಆ ಸಲ ಅದಕ್ಕೆ ಯಾವ ಅರ್ಥವೂ ಇರಲಿಲ್ಲ.

ಮೈದಾನದ ಕಾವಲಿನವರು ಅವಳನ್ನು ಹಿಮದ ಮೇಲೆ ಎಳೆಯುವ ಗಾಲಿಯಿಲ್ಲದ ಬಂಡಿಯಲ್ಲಿ ಕೆಳಗಿಳಿಸಿದರು. ಹತ್ತಿರದ ಪಟ್ಟಣದ ಆಸ್ಪತ್ರೆಯಲ್ಲಿ ವೈದ್ಯರು ಎಕ್ಸ್‌ರೇ ತೋರಿಸಿ ವೇಗವಾಗಿ ಏನೇನೋ ವಿವರಿಸಿದರು. ನಾನು ಮಗಳ ಮುಖ ನೋಡಿದೆ. ತನ್ನ ಮೂಳೆ ಎರಡು ಕಡೆ ಮುರಿದಿದೆ, ಐದು ವಾರ ಕೈಗೆ ಪಟ್ಟಿ ಹಾಕಿರಬೇಕು ಎಂಬುದನ್ನು ನನಗೆ ಅನುವಾದಿಸಿ ಹೇಳಿದ್ದು ಅವಳೇ. ಊರಿನಲ್ಲಾಗಿದ್ದರೆ ಮಗುವನ್ನು ಹೊರಗೆ ಕೂರಿಸಿ ವೈದ್ಯರು ನನ್ನೊಡನೆ ಮಾತಾಡುತ್ತಿದ್ದರು. ಇಲ್ಲಿ ನಾನೇ ಮಗುವಾಗಿದ್ದೆ.

ಮರುದಿನ ಆ ಬೋರ್ಡಿನ ಫೋಟೊವನ್ನು ಫೋನಿನಲ್ಲಿ ಅನುವಾದ ಮಾಡಿಸಿದೆ. ಹೆಲ್ಮೆಟ್ಟಿನ ಸುದ್ದಿಯೇ ಅದರಲ್ಲಿರಲಿಲ್ಲ. ಚಿಕ್ಕ ಕಿಕ್ಕರ್ ಇಂದು ಮುಚ್ಚಿದೆ, ದೊಡ್ಡದು ಅನುಭವಿಗಳಿಗೆ ಮಾತ್ರ ಎಂದಿತ್ತು. ನಾನು ಮೋಹನನಿಗೂ ಹೇಳಲಿಲ್ಲ, ಅವಳನ್ನೂ ಕೇಳಲಿಲ್ಲ. ಅವಳು ತಾನಾಗಿಯೇ ಹೇಳುತ್ತಾಳೆಂದು ಕಾದೆ. ಅವಳು ಹೇಳಲಿಲ್ಲ. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಜಪಾನಿಯಲ್ಲಿ ಉತ್ತರ ಬರತೊಡಗಿತು, ಅದೂ ಒಂದೊಂದೇ ಪದ. ಎರಡು ಕೋಣೆಯ ಮನೆಯಲ್ಲಿ ಮೂರು ಜನ ಎಷ್ಟು ದೂರ ಇರಬಹುದೆಂದು ಆ ವಾರಗಳಲ್ಲಿ ನೋಡಿದೆ.

ಪ್ರಯೋಗಾಲಯದಲ್ಲಿ ನನ್ನ ಜೊತೆ ಒಕುದಾ-ಸಾನ್, ಅಂದರೆ ಒಕುದಾ ಅವರು, ಎಂಬ ತಂತ್ರಜ್ಞೆ ಇದ್ದಾರೆ. ಐವತ್ತು ದಾಟಿದವರು, ಮಿತಭಾಷಿ, ಹರೆಯದಲ್ಲಿ ಸ್ಕೀ ಸ್ಪರ್ಧೆಗಳಿಗೆ ಹೋದವರು. ನಾನು ನಡೆದದ್ದನ್ನು ಹೇಳಿ, ಮೈದಾನಗಳ ಪಟ್ಟಿಯನ್ನು ತೋರಿಸಿದೆ. ಅವರು ಅದನ್ನು ಪೂರ್ತಿ ಓದಿದರು. ಇಲ್ಲಿಯವರು ಯಾವುದನ್ನೂ ಅರ್ಧ ಓದುವುದಿಲ್ಲ.

"ವಸುಧಾ-ಸಾನ್, ಇದೆಲ್ಲ ಹಾರುವ ಕಡೆಯಿಂದ ನೋಡಿದ್ದು," ಎಂದರು. "ಬೀಳುವ ಕಡೆಯಿಂದ ನೋಡಿ. ಎಲ್ಲಿ ಇಳಿಯುತ್ತಾರೆ, ಅಲ್ಲಿ ಹಿಮ ಮೆತ್ತಗಿದೆಯೇ, ಅದನ್ನು ಯಾರು ನೋಡಿಕೊಳ್ಳುತ್ತಾರೆ? ಮತ್ತೆ, ಚಿಕ್ಕದು ಎಷ್ಟಿವೆ ಎಂದು ಎಣಿಸಿ. ದೊಡ್ಡದನ್ನಲ್ಲ."

ಮುಂದಿನ ಶನಿವಾರ ಅವರೇ ನನ್ನನ್ನು ಕಾರಿನಲ್ಲಿ ಕರೆದೊಯ್ದರು. ದಾರಿಯ ಕೊಂಬಿನಿಯಲ್ಲಿ, ಅಂದರೆ ಹಗಲುರಾತ್ರಿ ತೆರೆದಿರುವ ಮೂಲೆಯಂಗಡಿಯಲ್ಲಿ, ಅವರು ಅನ್ನದುಂಡೆ ಕೊಂಡರು. ನಾನು ಮನೆಯಿಂದ ತಂದ ಚಪಾತಿ ಸುರುಳಿ ಬಿಚ್ಚಿದೆ. ಆ ದಿನ ಮೊದಲು ನೋಡಿದ ಮೈದಾನಕ್ಕೆ ಹೋಟೆಲಿನಂಥ ಕಟ್ಟಡವಿತ್ತು, ಪಾರ್ಕಿನಲ್ಲಿ ಸಂಗೀತವಿತ್ತು. ಒಂದು ಗಂಟೆ ನಿಂತರೂ ಇಳಿಯುವ ಜಾಗವನ್ನು ಮುಟ್ಟಲು ಯಾರೂ ಬರಲಿಲ್ಲ. ಬಿದ್ದವರು ಮಾಡಿದ ಹಳ್ಳ ಹಾಗೆಯೇ ಇತ್ತು, ಮುಂದಿನವರು ಅದೇ ಹಳ್ಳಕ್ಕೆ ಬೀಳುತ್ತಿದ್ದರು. ಒಕುದಾ-ಸಾನ್ ಕಾರಿನ ಕಡೆ ನಡೆದರು.

ಎರಡನೆಯದು ಬೆಟ್ಟದ ಹಿಂಬದಿಯ ಹಳೆಯ ಮೈದಾನ. ಪಾರ್ಕಿಗೆ ಒಂದೇ ಲಿಫ್ಟ್, ಅದರ ಬಣ್ಣ ಎದ್ದುಹೋಗಿತ್ತು. ನಾವು ತಲುಪಿದಾಗ ಪಾರ್ಕಿಗೆ ಅಡ್ಡಲಾಗಿ ಹಗ್ಗ ಕಟ್ಟಿತ್ತು. ಇಪ್ಪತ್ತು ಜನ ಹೊರಗೆ ನಿಂತಿದ್ದರು. ಒಳಗೆ ಒಬ್ಬ ಹೆಂಗಸು, ಜೊತೆಗೆ ಇಬ್ಬರು, ಉದ್ದ ಹಿಡಿಯ, ಹಲ್ಲುಗಳಿರುವ ರೇಕ್ ಹಿಡಿದು ಇಳಿಯುವ ಜಾಗದ ಗಟ್ಟಿ ಹಿಮವನ್ನು ಒಡೆದು, ಕೆದಕಿ, ಮತ್ತೆ ಮಟ್ಟ ಮಾಡುತ್ತಿದ್ದರು. ಆಕೆ ಮೊಣಕಾಲೂರಿ ಕೈಗವಸು ತೆಗೆದು ಬರಿಗೈಯಲ್ಲಿ ಹಿಮವನ್ನು ಹಿಸುಕಿ ನೋಡಿದರು, ಸಾಲದೆಂದು ತಲೆಯಾಡಿಸಿದರು, ಮತ್ತೆ ಕೆದಕಿದರು. ಕಾಯುತ್ತಿದ್ದವರಲ್ಲಿ ಒಬ್ಬರೂ ಗೊಣಗಲಿಲ್ಲ.

ನನಗೆ ತಟ್ಟನೆ ಗರಡಿಮನೆ ನೆನಪಾಯಿತು. ನನ್ನ ಸೋದರಮಾವ ಪೈಲ್ವಾನರು. ಬೆಳಗಿನ ಜಾವ ಗರಡಿಯ ಕೆಮ್ಮಣ್ಣನ್ನು ಅಗೆದು, ಹೆಂಟೆ ಒಡೆದು, ಮುಷ್ಟಿಯಲ್ಲಿ ಹಿಡಿದು ನೋಡಿ, ಆಮೇಲೆಯೇ ಹುಡುಗರನ್ನು ಕುಸ್ತಿಗೆ ಬಿಡುತ್ತಿದ್ದರು. ಹೊಸದಾಗಿ ಸೇರಿದವನಿಗೆ ವಾರಗಟ್ಟಲೆ ಮಣ್ಣು ಅಗೆಯುವುದೇ ಪಾಠ. ನಾನು ಇದನ್ನೆಲ್ಲ ಗರಡಿಯ ಗಿಡ್ಡ ಬಾಗಿಲ ಹೊರಗೆ ನಿಂತು ನೋಡಿದ್ದೆ. ಹೆಣ್ಣುಮಕ್ಕಳಿಗೆ ಒಳಗೆ ಪ್ರವೇಶವಿರಲಿಲ್ಲ. ಇಲ್ಲಿ ಅಖಾಡದ ಯಜಮಾನಿಕೆ ಹೆಂಗಸಿನದು.

ಆಕೆಯ ಹೆಸರು ಮೊರಿ-ಸಾನ್, ಪಾರ್ಕ್ ಕಟ್ಟುವ ತಂಡದ ಮುಖ್ಯಸ್ಥೆ. ನಾನು "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ಹತ್ತಿರ ಹೋಗಿ, ನನ್ನ ಮುರುಕು ಜಪಾನಿಯಲ್ಲಿ ಮಗಳ ವಿಷಯ ಹೇಳಿದೆ. ಅವಳಿಗೆ ಏನೇನು ಬರುತ್ತದೆ ಎಂದು ಕೇಳಬಹುದೆಂದುಕೊಂಡಿದ್ದೆ.

"ಹೇಗೆ ಬಿದ್ದಳು?" ಎಂದು ಕೇಳಿದರು. ನಾನು ಕೈಯಲ್ಲಿ ಅಭಿನಯಿಸಿ ತೋರಿಸಿದೆ.

"ದಿಬ್ಬಕ್ಕೆ ಬರುವ ಮುಂಚೆಯೇ ಹೆದರಿ ವೇಗ ಕಡಿಮೆ ಮಾಡಿದ್ದಾಳೆ. ಅದಕ್ಕೇ ಸಮತಟ್ಟಿಗೆ ಬಿದ್ದದ್ದು," ಎಂದರು. "ಪಟ್ಟಿ ಬಿಚ್ಚಿದ ಮೇಲೆ ಕರೆದುಕೊಂಡು ಬನ್ನಿ. ಮೊದಲ ದಿನ ಹಾರುವುದು ಬೇಡ, ರೇಕ್ ಹಿಡಿಯಲಿ."

ಆ ಪಾರ್ಕಿನಲ್ಲಿ ಹಿಮದ ಮಟ್ಟಕ್ಕೇ ಹೂತಿಟ್ಟ ಬಾಕ್ಸ್ ಒಂದಿತ್ತು, ಹೊಸ್ತಿಲು ದಾಟಿದಂತೆ ಹತ್ತಬಹುದಾದದ್ದು. ಅದಕ್ಕಿಂತ ಗೇಣೆತ್ತರದ್ದು ಮತ್ತೊಂದು. ಮೊಣಕಾಲೆತ್ತರದ ಕಿಕ್ಕರ್, ಆಮೇಲೆ ಸೊಂಟದೆತ್ತರದ್ದು. ನನ್ನ ಪಟ್ಟಿಯಲ್ಲಿ ಈ ಮೈದಾನ ಕೊನೆಯ ಸಾಲಿನಲ್ಲಿತ್ತು.

ಮನೆಗೆ ಬಂದು ಇಂಚರಳಿಗೆ ಹೇಳಿದೆ: "ನಿಂಗೆ ಬೇರೆ ಜಾಗ ನೋಡ್ಕೊಂಡು ಬಂದೆ."

ಅವಳು ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಕನ್ನಡದಲ್ಲಿ, ಒಂದೊಂದೇ ಪದ ಹುಡುಕಿಕೊಂಡು ಹೇಳಿದಳು: "ಅಮ್ಮಾ, ಆ ಬೋರ್ಡಲ್ಲಿ ಹೆಲ್ಮೆಟ್ ಅಂತ ಇರ್ಲಿಲ್ಲ."

"ಗೊತ್ತು."

"ಯಾವಾಗಿಂದ?"

"ಮಾರನೇ ದಿನದಿಂದ."

"ಮತ್ತೆ ಯಾಕೆ ಬೈಲಿಲ್ಲ?" ಎಂದು ಅಳತೊಡಗಿದಳು. ನನಗೆ ಜಪಾನಿ ಬರುವುದಿಲ್ಲ ಎಂಬುದನ್ನು ಅವಳು ಬಳಸಿಕೊಂಡದ್ದು ಅವಳನ್ನು ಮೂಳೆಗಿಂತ ಹೆಚ್ಚು ನೋಯಿಸಿತ್ತು. ನನ್ನನ್ನೂ ನೋಯಿಸಿತ್ತು. ಅದನ್ನು ಹಾಗೆಯೇ ಹೇಳಿದೆ. ಅಡುಗೆಮನೆಯಲ್ಲಿದ್ದ ಮೋಹನನಿಗೆ ಎಲ್ಲ ಕೇಳಿಸಿತು.

"ಸುಳ್ಳು ಹೇಳಿದವಳನ್ನ ಮತ್ತೆ ಪಾರ್ಕಿಗೇ ಕರ್ಕೊಂಡು ಹೋಗ್ತೀಯಾ?" ಎಂದು ಆಮೇಲೆ ನನ್ನನ್ನು ಕೇಳಿದ.

"ಈ ಸಲ ನೀನೂ ಬಾ. ನೋಡಿ ಆಮೇಲೆ ಬೇಡ ಅನ್ನು."

ಫೆಬ್ರವರಿಯ ಕೊನೆಯ ವಾರ ಮೂವರೂ ಹೋದೆವು. ಮೊರಿ-ಸಾನ್ ಇಂಚರಳಿಗೆ ತಲೆಬಾಗಿ ನಮಸ್ಕರಿಸಿ ರೇಕ್ ಕೊಟ್ಟರು. ಹದಿಮೂರರ ಹುಡುಗಿ ನೀರಸ ಎಂದು ಮುಖ ಸಿಂಡರಿಸಲು ಬೇಕಾದ ಎಲ್ಲವೂ ಆ ದಿನದಲ್ಲಿತ್ತು. ಅವಳು ಮುಖ ಸಿಂಡರಿಸಲಿಲ್ಲ. ಬೇರೆಯವರು ಇಳಿದು ಹೋದ ಮೇಲೆ ಓಡಿ ಹೋಗಿ ಅವರ ಗುರುತು ಅಳಿಸುವುದು, ಮತ್ತೆ ಪಕ್ಕಕ್ಕೆ ಸರಿಯುವುದು. ಮಧ್ಯಾಹ್ನದ ಹೊತ್ತಿಗೆ ಮೋಹನ್ ಕೂಡ ಒಂದು ರೇಕ್ ಹಿಡಿದಿದ್ದ. ಬೇಡ ಎನ್ನುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಎರಡನೆಯ ವಾರ ನೆಲಮಟ್ಟದ ಬಾಕ್ಸ್. ನಾಲ್ಕು ಸಲ ಜಾರಿ ಕೂತಳು, ಐದನೆಯ ಸಲ ನೆಟ್ಟಗೆ ದಾಟಿದಳು. ಕ್ಯೂನಲ್ಲಿದ್ದ ಅಪರಿಚಿತರು ಕೈಗವಸಿನಲ್ಲೇ ಚಪ್ಪಾಳೆ ತಟ್ಟಿದರು. ಮಾರ್ಚ್ ಮಧ್ಯದ ಹೊತ್ತಿಗೆ ಮೊಣಕಾಲೆತ್ತರದ ಕಿಕ್ಕರ್ ಅವಳಿಗೆ ಸಲೀಸಾಯಿತು.

ಋತುವಿನ ಕೊನೆಯ ಭಾನುವಾರ ಬೆಳಿಗ್ಗೆ ಅವಳು ಸೊಂಟದೆತ್ತರದ ಕಿಕ್ಕರ್‌ನ ಮೇಲ್ತುದಿಯಲ್ಲಿ ನಿಂತಳು. ಹೊರಡುವ ಮುಂಚೆ ಕೈಯೆತ್ತಿ ಎಲ್ಲರಿಗೂ ತಿಳಿಸುವುದು ಅಲ್ಲಿಯ ಪದ್ಧತಿ. ಅವಳು ಕೈಯೆತ್ತಿದಳು. ನಾನು ಕೆಳಗೆ, ಇಳಿಯುವ ಜಾಗದ ಪಕ್ಕ ನಿಂತಿದ್ದೆ. ಮೋಹನ್ ನನ್ನ ತೋಳು ಹಿಡಿದುಕೊಂಡಿದ್ದ. ನಾವು ಕಾದೆವು. ಅವಳು ಎತ್ತಿದ ಕೈಯನ್ನು ಇಳಿಸಿ, ಹಿಂದಿದ್ದವರಿಗೆ ತಲೆಬಾಗಿಸಿ, ಪಕ್ಕದ ದಾರಿಯಲ್ಲಿ ನಿಧಾನವಾಗಿ ಜಾರಿ ಬಂದಳು.

"ಲ್ಯಾಂಡಿಂಗ್ ಗಟ್ಟಿ ಇದೆ ಅಮ್ಮಾ. ಇವತ್ತು ಬೇಡ," ಎಂದಳು.

ಮೊರಿ-ಸಾನ್ ಬಂದು ಹಿಮವನ್ನು ಬರಿಗೈಯಲ್ಲಿ ಒತ್ತಿ ನೋಡಿ, ಅವಳಿಗೆ ಹೌದೆಂದು ತಲೆಯಾಡಿಸಿ, ಹಗ್ಗ ತಂದು ಆ ಕಿಕ್ಕರ್ ಮುಚ್ಚಿದರು. ಮಗಳು ಹಾರಿದ್ದರೆ ನನಗೆ ಇಷ್ಟು ಸಂತೋಷವಾಗುತ್ತಿರಲಿಲ್ಲ.

ಆಗಸ್ಟ್ ರಜೆಯಲ್ಲಿ ಮೈಸೂರಿಗೆ ಹೋಗಿದ್ದೆವು. ತಮ್ಮನ ಮನೆಯಲ್ಲಿ ಊಟಕ್ಕೆ ಕೂತಾಗ ಅವನ ಹೆಂಡತಿ ಸುಮಾ ಹಿಮದ ಬಗ್ಗೆ ಕೇಳಿದಳು. ವರ್ಷವಿಡೀ ಇರುತ್ತದೆಯೇ, ಬೇಸಿಗೆಯಲ್ಲಿ ಏನು ಮಾಡುತ್ತೀರಿ ಎಂದು. ನಾನು ಅನ್ನಕ್ಕೆ ಸಾರು ಹಾಕಿಕೊಳ್ಳುತ್ತ, "ಇಲ್ಲ ಕಣೇ, ನಮ್ ಕಡೆ ಮಾರ್ಚ್ ಕೊನೆಗೆಲ್ಲ ಕರಗಿಬಿಡತ್ತೆ. ಉತ್ತರದವರಿಗೆ ಮೇ ತನಕ ಇರತ್ತೆ," ಎಂದೆ.

"ನಿಮ್ ಕಡೆ ಅಂದ್ರೆ ಯಾವ ಕಡೆ ಅತ್ತಿಗೆ?" ಎಂದಳು ಸುಮಾ ನಗುತ್ತ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಪಕ್ಕದಲ್ಲಿದ್ದ ಇಂಚರ ನಗಲಿಲ್ಲ. ನಾನು ಏನು ಉತ್ತರ ಕೊಡುತ್ತೇನೆಂದು ಊಟ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು. ಸುಮಾ ಇನ್ನೊಂದು ಸೌಟು ಸಾರು ಬಡಿಸಲು ಬಂದಳು. ನಾನು ಎಲೆಯಿಂದ ತಲೆಯೆತ್ತಿ, "ದೈಜೋಬು," ಎಂದೆ. ಅಲ್ಲಿದ್ದವರಲ್ಲಿ ಅದು ಅರ್ಥವಾದದ್ದು ಮಗಳಿಗೆ ಮತ್ತು ಮೋಹನನಿಗೆ ಮಾತ್ರ. ಸುಮಾ ಸೌಟು ಹಿಡಿದು ಹಾಗೆಯೇ ನಿಂತಿದ್ದಳು, ಹಾಕಬೇಕೋ ಬೇಡವೋ ತಿಳಿಯದೆ.