ಎರಡು ಮುಖಗಳ ನಡುವಿನ ಜಾಗ

ಕೋಬೆಯಲ್ಲಿ ನಮ್ಮ ಮನೆಯಿಂದ ಇಳಿಜಾರು ಇಳಿದರೆ ಒಂದು ಹಳೆಯ ಚಿತ್ರಮಂದಿರವಿತ್ತು. ಅದರ ಒಡತಿಯ ಮಾವ ಮೂಕಿಚಿತ್ರಗಳ ಕಾಲದ ಪೋಸ್ಟರುಗಳನ್ನು ಕೂಡಿಟ್ಟಿದ್ದರಂತೆ. ನಾನು ಬೆಂಗಳೂರಿನಲ್ಲಿ ಚಿತ್ರಕಲೆ ಕಲಿತವಳು. ಗಂಡನ ಸಂಶೋಧನೆಯ ಬೆನ್ನಿಗೆ ಜಪಾನಿಗೆ ಬಂದು, ಮಗಳನ್ನು ಶಾಲೆಗೆ ಬಿಟ್ಟು ಕರೆತರುವುದರಲ್ಲೇ ದಿನ ಕಳೆಯುತ್ತಿದ್ದೆ. ಪೋಸ್ಟರುಗಳ ಹರಿದ ಅಂಚುಗಳನ್ನು ಅಂಟಿಸಿ, ಫೋಟೋ ತೆಗೆದಿಡುವ ಕೆಲಸವನ್ನು ಒಡತಿ ನನಗೆ ಕೊಟ್ಟರು.

ಹೆಚ್ಚಿನವು ಪ್ರೇಮಕಥೆಗಳವು. ಒಂದರಲ್ಲಿ ಬಂದರಿನ ದೀಪಗಳ ಮುಂದೆ ಹ್ಯಾಟು ತೊಟ್ಟ ಗಂಡು, ಕಿಮೊನೊ ಉಟ್ಟ ಹೆಣ್ಣು. ತುಟಿಗಳ ನಡುವೆ ಬೆರಳು ತೂರುವಷ್ಟು ಜಾಗ. ಆಗ ತೆರೆಯ ಮೇಲಿನ ಮುತ್ತಿಗೆ ಸೆನ್ಸಾರಿನ ಕತ್ತರಿ ಬೀಳುತ್ತಿತ್ತು. ಕಲಾವಿದ ಆ ಜಾಗಕ್ಕೆ ಬಣ್ಣ ಹಚ್ಚದೆ ಕಾಗದದ ಬಿಳಿಯನ್ನೇ ಬಿಟ್ಟು, ಸುತ್ತ ಕೆಂಪು ತುಂಬಿದ್ದ. ಚಿತ್ರದ ಹೆಸರನ್ನು ಮೇಲಿನಿಂದ ಕೆಳಗಿಳಿಸಿ, ಕೊನೆಯ ಅಕ್ಷರದ ಬಾಲವನ್ನು ಆ ಬಿಳಿಯ ಹತ್ತಿರ ತಂದು ನಿಲ್ಲಿಸಿದ್ದ. ಕಣ್ಣು ಎಲ್ಲಿಂದ ಹೊರಟರೂ ಅಲ್ಲಿಗೇ ಹೋಗಿ ಸೇರುತ್ತಿತ್ತು.

ಕೊರೋನಾ ಬಂದು ಚಿತ್ರಮಂದಿರ ಮುಚ್ಚಿತು. ಒಂದು ಮಧ್ಯಾಹ್ನ ಬೀದಿಯ ಅಂಗಡಿಗಳ ಸಂಘದ ಮುಖ್ಯಸ್ಥರು ಬಂದರು. ಅಂತರ ಕಾಪಾಡಿ ಎಂಬ ಪ್ರಕಟಣೆಗೆ ಅವರಿಗೆ ಅದೇ ಪೋಸ್ಟರು ಬೇಕಿತ್ತು.

"ಇಬ್ಬರಿಗೂ ಮಾಸ್ಕ್ ಹಾಕಿ, ದೂರ ದೂರ ಸರಿಸಿಕೊಡಿ. ಜನ ನಕ್ಕು ನೆನಪಿಟ್ಟುಕೊಳ್ತಾರೆ," ಎಂದರು.

ಒಡತಿ ತಲೆ ಬಾಗಿಸಿದರು. ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ.

"ಸುಮಿಮಾಸೆನ್, ಕ್ಷಮಿಸಿ. ನಾನು ಮಾಡೋದಿಲ್ಲ," ಎಂದೆ.

ಅಲ್ಲಿ ನಿರಾಕರಣೆಯನ್ನು ಮೆತ್ತಗಿನ ಮಾತಿನಲ್ಲಿ ಸುತ್ತಿ ಕೊಡುವುದು ರೂಢಿ. ಅಷ್ಟು ಜಪಾನಿ ನನಗೆ ಬರುತ್ತಿತ್ತು. ಬೇಕೆಂದೇ ಬಳಸಲಿಲ್ಲ.

"ಕಂಪ್ಯೂಟರಲ್ಲಿ ಟೆನ್ ಮಿನಿಟ್ಸ್ ಕೆಲ್ಸ, ಮಾಡ್ಕೊಟ್ಬಿಡಬಾರ್ದಾ?" ಎಂದ ಗಂಡ, ರಾತ್ರಿ ಮನೆಯಲ್ಲಿ. "ಊರಿಗೆಲ್ಲಾ ಒಳ್ಳೇದೇ ಅಲ್ವಾ?"

"ಮಾಸ್ಕ್ ಹಾಕ್ಕೊಳ್ಳಿ ಅಂತ ಬೇರೆ ಚಿತ್ರ ಬರ್ಕೊಡ್ತೀನಿ. ಇದನ್ನ ಮುಟ್ಟಲ್ಲ."

ಮಗಳು ಫೋನಿನಲ್ಲಿದ್ದ ಚಿತ್ರವನ್ನು ನೋಡಿ, "ಬಟ್ ಅಮ್ಮ, ದೇ ಆರ್ ನಾಟ್ ಈವನ್ ಟಚಿಂಗ್," ಎಂದಳು.

ಆ ವರ್ಷ ಬೆಂಗಳೂರಿನಲ್ಲಿ ನನ್ನ ಸೋದರತ್ತೆ ತೀರಿಕೊಂಡಾಗ ಫೋನಿನ ಪರದೆಯಲ್ಲೇ ಕೊನೆಯ ಸಲ ಮುಖ ನೋಡಿದ್ದೆ. ದೂರವಿರಬೇಕೆಂದು ನನಗೆ ಯಾರೂ ಕಲಿಸಬೇಕಿರಲಿಲ್ಲ. ಆದರೆ ಆ ದೂರವನ್ನು ನಗೆಪಾಟಲು ಮಾಡಲು ನನ್ನ ಕೈ ಕೊಡಲಾರೆ. ಸೆನ್ಸಾರಿನವರೂ ಉಳಿಸಿದ್ದ ಆ ಬೆರಳಷ್ಟು ಜಾಗವನ್ನು ನಾವು ಕಿತ್ತುಕೊಳ್ಳುವುದೇ?

ಊಟದ ಮೇಜಿನ ಮೇಲೆ ದೊಡ್ಡ ಕಾಗದ ಹಾಸಿ, ಆ ಪೋಸ್ಟರನ್ನು ಇದ್ದ ಹಾಗೆಯೇ ಆಳೆತ್ತರಕ್ಕೆ ಬರೆದೆ. ಆ ವಾರ ನಾವು ನೆಲದ ಮೇಲೆ ಕೂತು ಅನ್ನ ಸಾರು ಉಂಡೆವು. ಒಣಗಿದ ಮೇಲೆ ಒಡತಿಯ ಒಪ್ಪಿಗೆ ಕೇಳಿ, ಮುಚ್ಚಿದ ಚಿತ್ರಮಂದಿರದ ಗಾಜಿಗೆ ಒಳಗಿನಿಂದ ಅಂಟಿಸಿದೆ.

ಮರುದಿನವೇ ಮುಖ್ಯಸ್ಥರು ಬಂದರು. "ಕೆಲವರಿಗೆ ಬೇಸರವಾಗಿದೆ. ಇಂಥ ಸಮಯದಲ್ಲಿ ಇದು ಸರಿ ಕಾಣಲ್ಲ."

ನಾನು ಬಾಯಿ ತೆರೆಯುವ ಮೊದಲೇ ಒಡತಿ ಮುಂದೆ ಬಂದರು. ಸೊಂಟದವರೆಗೆ ಬಾಗಿ, "ಗಾಜಿನ ಹೊರಗೆ ಸಂಘದ ಬೀದಿ. ಒಳಗೆ ನನ್ನ ಮನೆ," ಎಂದರು. ಅವರ ದನಿ ಏರಲಿಲ್ಲ.

ಮುಖ್ಯಸ್ಥರು ಮಾಸ್ಕು ತೊಟ್ಟ ಕಪ್ಪೆಯ ಚಿತ್ರವೊಂದನ್ನು ಮಾಡಿಸಿ ಪಕ್ಕದ ಕಂಬಕ್ಕೆ ಅಂಟಿಸಿದರು. ನನಗೇನೂ ಅಡ್ಡಿಯಿರಲಿಲ್ಲ, ಕಪ್ಪೆ ಚೆನ್ನಾಗಿಯೇ ಇತ್ತು. ಹಗಲುರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಯಿಂದ ಚೀಲ ಹಿಡಿದು ಬರುವವರು ನಮ್ಮ ಗಾಜಿನ ಮುಂದೆಯೂ ನಿಲ್ಲತೊಡಗಿದರು, ಒಬ್ಬರಿಂದೊಬ್ಬರು ದೂರ ನಿಂತು, ಸುಮ್ಮನೆ ನೋಡುತ್ತಾ. ಸಂಘದ ಕೆಲವು ಅಂಗಡಿಯವರು ಮಾತ್ರ ಬಹಳ ಕಾಲ ನನ್ನ ನಮಸ್ಕಾರಕ್ಕೆ ಮರುನಮಸ್ಕಾರ ಹೇಳಲಿಲ್ಲ. ನಾನು ನಮಸ್ಕರಿಸುವುದನ್ನು ಬಿಡಲಿಲ್ಲ.

ಒಂದೊಂದು ಕುರ್ಚಿ ಖಾಲಿ ಬಿಟ್ಟು ಚಿತ್ರಮಂದಿರ ಮತ್ತೆ ತೆರೆದಾಗ ಒಡತಿ ಉಳಿದ ಗಾಜುಗಳನ್ನೂ ತೋರಿಸಿ, "ಇವಕ್ಕೂ ಬರೆಯಿರಿ. ಈ ಸಲ ನಿಮ್ಮದೇ ಚಿತ್ರ," ಎಂದರು. ಬರೆದೆ. ಮೂಲೆಯಲ್ಲಿ ಸಣ್ಣಗೆ ಕನ್ನಡದಲ್ಲಿ ನನ್ನ ಹೆಸರು ಹಾಕಿದೆ. ಅವರು ಕನ್ನಡಕ ಏರಿಸಿ ನೋಡಿ, ಇದು ಏನೆಂದು ಕೇಳಿದರು. ಹೇಳಿದೆ.

"ಹಾಗಾದರೆ ಇಷ್ಟು ಸಣ್ಣದೇಕೆ?"

ಕುಂಚ ತೊಳೆದು, ರಸ್ತೆಯ ಆಚೆಗೂ ಕಾಣುವಷ್ಟು ದಪ್ಪಗೆ ಮತ್ತೆ ಬರೆದೆ.