ಪಟ್ಟಿಯ ಕೊನೆಯ ಕಣ್ಣು

ವಯಸ್ಸಾದಂತೆ ಕಣ್ಣು ಹೇಗೆ ಬದಲಾಗುತ್ತದೆಂಬ ಅಧ್ಯಯನಕ್ಕಾಗಿ ಊರೂರು ತಿರುಗಿ ಅಕ್ಷಿಪಟಲದ ಫೋಟೋ ತೆಗೆಯುವ ಕಲ್ಲಿನಾಥ ಯಾರ ಮುಖವನ್ನೂ ನಂಬುವುದಿಲ್ಲ, ಆಧಾರ್ ಕಾರ್ಡನ್ನಂತೂ ಮೊದಲೇ ಇಲ್ಲ. ಕಾರ್ಡಿನ ಪ್ರಕಾರ ಅತನೂರಿನ ಅರ್ಧ ಊರು ಜನವರಿ ಒಂದರಂದೇ ಹುಟ್ಟಿದೆಯಲ್ಲ! “ಪಿಂಚಣಿ ಸಲುವಾಗಿ ಎಪ್ಪತ್ತಂತ ಬರಸೀ ಏನಬೇ ಯವ್ವಾ? ನಿನ್ನ ಕಣ್ಣು ಐವತ್ತೈದು ಅಂತದ” ಎಂದು ಮುದುಕಿಯರನ್ನು ಕಾಡುತ್ತಾನೆ. “ನಿನ್ನ ಕೂದಲಿನ ಬಣ್ಣ ಏನಂತದೋ ತಮ್ಮಾ?” ಎಂದು ಅವರೂ ಬಿಡುವುದಿಲ್ಲ. ಪ್ರತಿ ಶಿಬಿರದ ಪಟ್ಟಿಯ ಕೊನೆಗೆ ಸೊನ್ನದ ಶಾಂತಲಿಂಗಪ್ಪನವರ ಎಡಗಣ್ಣಿನ ಫೋಟೋ ಇದ್ದೇ ಇರುತ್ತದೆ. ಅಂಥವರು ಯಾರೂ ಇಲ್ಲ. ಅದು ಕಲ್ಲಿನಾಥನದೇ ಕಣ್ಣು. ಮಂಜಾದ ಕಣ್ಣಿನವನ ಕೈಗೆ ಕ್ಯಾಮೆರಾ ಯಾರು ಕೊಡುತ್ತಾರೆ? “ಶಾಂತಲಿಂಗಪ್ಪನವರ ಕಣ್ಣಾಗ ಕಲೆ ಬೆಳ್ಯಾಕತ್ತದ, ತಡಾ ಮಾಡಿದ್ರ ದೃಷ್ಟಿ ಹೋಗ್ತದ. ಅವರನ್ನ ನಾಳೆನೇ ಕರಕೊಂಡು ಬರ್ರಿ” ಎಂದು ಆ ಫೋಟೋಗಳನ್ನು ಪರೀಕ್ಷಿಸುವ ಡಾಕ್ಟರ್ ವೃಂದಾ ಒಂದು ದಿನ ಗದರಿದರು. ಯಾರ ಸುಳ್ಳನ್ನೂ ಬಿಡದ ಕಲ್ಲಿನಾಥ ತಲೆ ತಗ್ಗಿಸಿ ಹೇಳಿದ: “ಅವರು ಬಾಳ ಅಂಜಬುರುಕರದಾರ್ರಿ, ಮೇಡಂ.”